ಪರದೆಯ ಮೇಲಿನ ಕಪ್ಪು ಮಚ್ಚೆ

ಕೀಬೋರ್ಡಿನ ಮೇಲೆ ಒಂದು ಪೆನ್ಸಿಲ್ ಉಳಿದುಬಿಟ್ಟಿರುತ್ತದೆ. ಒಳಗಿನಿಂದ ಅಮ್ಮ ಊಟಕ್ಕೆ ಕರೆಯುತ್ತಾರೆ. ನೀವು ಅವಸರದಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಓಡುತ್ತೀರಿ. ‘ಚಟ್’ ಅಂತ ಸಣ್ಣದೊಂದು ಸದ್ದು ಬಂದದ್ದು ಕಿವಿಗೆ ಬೀಳುವುದೂ ಇಲ್ಲ. ಊಟ ಮುಗಿಸಿ ಬಂದು ತೆರೆದರೆ ಪರದೆಯ ಕೆಳಭಾಗದಲ್ಲಿ, ಒಂದೇ ಬಿಂದುವಿನಿಂದ ಸುತ್ತಲೂ ಹರಡಿದ ಬಿರುಕು. ಬಿರುಕಿನ ಸುತ್ತ ಕರ್ರಗಿನ ಮಚ್ಚೆ. ಅಲ್ಲಿಂದ ಮೇಲ್ತುದಿಯವರೆಗೆ ನೆಟ್ಟಗೆ ಎದ್ದು ನಿಂತ ಹಸಿರು, ನೇರಳೆ ಗೆರೆಗಳು. ಹೊಟ್ಟೆಯೊಳಗೆ ತಳಮಳ ಶುರುವಾಗುತ್ತದೆ.

ಮಕ್ಕಳೇ, ಹೀಗಾದಾಗ ಮೊದಲು ಮಾಡಬೇಕಾದ ಕೆಲಸ ಮನೆಯಲ್ಲಿ ಹೇಳಿಬಿಡುವುದು. ಹೆದರಿ ಮುಚ್ಚಿಟ್ಟರೆ, ಗೊತ್ತಿಲ್ಲದ ಇನ್ನೊಬ್ಬರು ಅದನ್ನು ತೆರೆದು ಮುಚ್ಚಿ ಮಾಡುತ್ತಾರೆ. ಪ್ರತಿ ಸಲ ಮುಚ್ಚಳ ಅಲುಗಿದಾಗಲೂ ಬಿರುಕು ಇನ್ನಷ್ಟು ಓಡಬಹುದು. ಇದನ್ನು ಓದುವ ದೊಡ್ಡವರಿಗೂ ಒಂದು ಮಾತು: ಪರದೆ ಒಡೆಯಲು ತುಂಟತನವೇ ಬೇಕಿಲ್ಲ. ಲೋಕದಲ್ಲಿ ಒಡೆಯುವ ಪರದೆಗಳಲ್ಲಿ ಎಷ್ಟೋ ಜಾಗರೂಕರಾದ ದೊಡ್ಡವರ ಕೈಯಲ್ಲೇ ಒಡೆಯುತ್ತವೆ. ಯಾಕೆ ಹಾಗೆ ಅನ್ನುವುದು ಬೈಗುಳಕ್ಕಿಂತ ಸಾವಿರ ಪಾಲು ಸ್ವಾರಸ್ಯದ ವಿಷಯ.

ಮೊದಲು ಆ ಕಪ್ಪು ಮಚ್ಚೆಯನ್ನೇ ಹಿಡಿದುಕೊಳ್ಳೋಣ. ಒಳಗಿದ್ದ ಶಾಯಿ ಚೆಲ್ಲಿದೆ ಎಂದು ಬಹಳ ಜನ ತಿಳಿಯುತ್ತಾರೆ. ಪರದೆಯೊಳಗೆ ಶಾಯಿ ಇಲ್ಲವೇ ಇಲ್ಲ. ಆ ಜಾಗಕ್ಕೆ ಹೊಸದಾಗಿ ಯಾವ ಕಪ್ಪು ವಸ್ತುವೂ ಬಂದಿಲ್ಲ. ಅಲ್ಲಿಂದ ಏನೋ ಹೊರಟುಹೋಗಿದೆ, ಅದಕ್ಕೇ ಕಪ್ಪು.

ಏನು ಹೊರಟುಹೋಯಿತು ಎಂದು ತಿಳಿಯಲು ಪರದೆಯೊಳಗೆ ಬೆಳಕಿನ ಜೊತೆ ಹಿಂದಿನಿಂದ ಮುಂದಕ್ಕೆ ಬರಬೇಕು. ಬಹುಪಾಲು ಲ್ಯಾಪ್‌ಟಾಪ್ ಪರದೆಗಳ ಒಂದು ಅಂಚಿನಲ್ಲಿ ಪುಟ್ಟ ಪುಟ್ಟ ಎಲ್‌ಇಡಿ ದೀಪಗಳ ಸಾಲು ಇರುತ್ತದೆ. ಅದರ ಬೆಳಕು ಒಂದು ಪಾರದರ್ಶಕ ಪ್ಲಾಸ್ಟಿಕ್ ಫಲಕದೊಳಗೆ ನುಗ್ಗಿ, ಪರದೆಯ ಉದ್ದಗಲಕ್ಕೂ ಸಮನಾಗಿ ಹರಡಿ, ನಮ್ಮ ಕಡೆಗೆ ಹೊರಡುತ್ತದೆ. ನೀವು ಚಿತ್ರ ನೋಡುತ್ತಿರಲಿ, ಪಾಠ ಓದುತ್ತಿರಲಿ, ಹಿಂದೆ ಈ ಬಿಳಿ ಬೆಳಕು ಸದಾ ಉರಿಯುತ್ತಲೇ ಇರುತ್ತದೆ. ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ನಿರ್ಧರಿಸುವುದೇ ಪರದೆಯ ಕೆಲಸ.

ಬೆಳಕು ಒಂದು ಅಲೆ. ಅದು ಮುಂದೆ ಸಾಗುವಾಗ ಅಡ್ಡಡ್ಡ ಕಂಪಿಸುತ್ತದೆ. ದೀಪದಿಂದ ಬಂದ ಬೆಳಕಿನಲ್ಲಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಓರೆಯಾಗಿ ಹೀಗೆ ಎಲ್ಲ ದಿಕ್ಕಿನ ಕಂಪನಗಳೂ ಕಲೆತಿರುತ್ತವೆ. ಪೋಲರೈಸರ್ ಎಂಬ ಒಂದು ಪ್ಲಾಸ್ಟಿಕ್ ಹಾಳೆ ಇದೆ. ಅದು ಒಂದೇ ದಿಕ್ಕಿನ ಕಂಪನವನ್ನು ದಾಟಲು ಬಿಟ್ಟು ಉಳಿದದ್ದನ್ನು ಹೀರಿಕೊಳ್ಳುತ್ತದೆ. ಪರದೆಯಲ್ಲಿ ಇಂಥ ಹಾಳೆ ಎರಡು, ಹಿಂದೊಂದು, ಮುಂದೊಂದು. ಹಿಂದಿನದು ಅಡ್ಡ ಕಂಪನವನ್ನು ಮಾತ್ರ ಬಿಡುವಂತಿದ್ದರೆ ಮುಂದಿನದು ಉದ್ದ ಕಂಪನವನ್ನು ಮಾತ್ರ ಬಿಡುತ್ತದೆ. ಹಾಗಾದರೆ ಹಿಂದಿನ ಹಾಳೆ ದಾಟಿ ಬಂದ ಬೆಳಕೆಲ್ಲ ಮುಂದಿನ ಹಾಳೆಯಲ್ಲಿ ಸಿಕ್ಕಿಬೀಳಬೇಕಲ್ಲ? ನಡುವೆ ಏನೂ ಇಲ್ಲದಿದ್ದರೆ ಹಾಗೇ ಆಗುತ್ತದೆ. ಪರದೆ ಪೂರ್ತಿ ಕಪ್ಪು.

ನಡುವೆ ಇರುವುದೇ ದ್ರವಸ್ಫಟಿಕ. ಎರಡು ತೆಳು ಗಾಜುಗಳ ಮಧ್ಯೆ ಅದರ ಒಂದು ಪದರ. ಅದರ ಅಣುಗಳು ಉದ್ದುದ್ದ ಕಡ್ಡಿಯ ಆಕಾರದವು. ಅವನ್ನು ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸಿ ಜೋಡಿಸಿದರೆ, ಅವುಗಳ ನಡುವೆ ಹಾದುಹೋಗುವ ಬೆಳಕಿನ ಕಂಪನವೂ ಜೊತೆಜೊತೆಗೇ ತಿರುಗುತ್ತದೆ. ಅಡ್ಡ ಇದ್ದದ್ದು ಉದ್ದವಾಗಿ, ಮುಂದಿನ ಹಾಳೆಯನ್ನು ಸಲೀಸಾಗಿ ದಾಟಿ ನಿಮ್ಮ ಕಣ್ಣಿಗೆ ಬರುತ್ತದೆ. ಆ ಜಾಗಕ್ಕೆ ಚೂರು ವಿದ್ಯುತ್ತು ಕೊಟ್ಟರೆ ಅಣುಗಳು ಜೋಡಣೆ ಬದಲಿಸುತ್ತವೆ. ತಿರುಗಿಸುವವರಿಲ್ಲದೆ ಬೆಳಕು ಒಳಗೇ ಉಳಿಯುತ್ತದೆ. ಈಗಿನ ದ್ರವಸ್ಫಟಿಕ ಪರದೆಗಳಲ್ಲಿ ಅಣುಗಳನ್ನು ಜೋಡಿಸುವ ಬಗೆ ಬೇರೆ ಬೇರೆ. ಆದರೆ ಒಂದಕ್ಕೊಂದು ಅಡ್ಡಲಾಗಿರುವ ಎರಡು ಹಾಳೆ, ನಡುವೆ ಬೆಳಕನ್ನು ತಿರುಗಿಸುವ ದ್ರವ, ಈ ಏರ್ಪಾಡು ಬದಲಾಗಿಲ್ಲ.

ಈಗ ಮಚ್ಚೆಯ ಗುಟ್ಟು ನೀವೇ ಹೇಳಬಲ್ಲಿರಿ. ಗಾಜು ಬಿರುಕು ಬಿಟ್ಟಿತು. ಆ ಜಾಗದ ದ್ರವ ಜಾರಿಕೊಂಡಿತು, ಗಾಳಿ ಒಳಗೆ ಬಂತು. ಗಾಳಿಗೆ ಬೆಳಕನ್ನು ತಿರುಗಿಸುವುದು ಗೊತ್ತಿಲ್ಲ. ಹಿಂದಿನ ದೀಪ ಈಗಲೂ ಉರಿಯುತ್ತಿದೆ, ಆದರೆ ಅದರ ಬೆಳಕು ಮುಂದಿನ ಹಾಳೆಯನ್ನು ದಾಟಲಾರದೆ ಅಲ್ಲೇ ನಿಂತಿದೆ. ಮಚ್ಚೆ ಮಾರನೆಯ ದಿನಕ್ಕೆ ಇನ್ನೂ ದೊಡ್ಡದಾಗುವುದೂ ಇದಕ್ಕೇ. ದ್ರವ ನಿಧಾನವಾಗಿ ಹರಿಯುತ್ತಿರುತ್ತದೆ, ಗಾಳಿ ಇನ್ನಷ್ಟು ಒಳಗೆ ಸರಿಯುತ್ತಿರುತ್ತದೆ.

ಎರಡು ಹಾಳೆಗಳ ವಿಚಾರ ನಿಜವೋ ಸುಳ್ಳೋ ಎಂದು ನೋಡಲು ಏನನ್ನೂ ಒಡೆಯಬೇಕಿಲ್ಲ. ಮನೆಯಲ್ಲಿ ಯಾರದಾದರೂ ಪೋಲರೈಸ್ಡ್ ತಂಪು ಕನ್ನಡಕ ಇದ್ದರೆ ಕೇಳಿ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟವೊಂದನ್ನು ತೆರೆದು, ಕನ್ನಡಕದ ಒಂದು ಗಾಜನ್ನು ಕಣ್ಣಿನ ಮುಂದೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ. ಬೆಳ್ಳಗಿದ್ದ ಪುಟ ಮಂಕಾಗುತ್ತಾ ಹೋಗಿ, ಒಂದು ಕೋನಕ್ಕೆ ಬಂದಾಗ ಕಪ್ಪಾಗುತ್ತದೆ. ಇನ್ನೂ ತಿರುಗಿಸಿದರೆ ಮತ್ತೆ ಬೆಳ್ಳಗೆ. ಪರದೆಯಿಂದ ಹೊರಬಂದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. ಕನ್ನಡಕದ ಜೊತೆ ಭೂತಗನ್ನಡಿಯೂ ಸಿಕ್ಕಿದರೆ ಅದೇ ಬಿಳಿ ಪುಟವನ್ನು ಅದರಲ್ಲಿ ನೋಡಿ. ಬಿಳಿ ಎಲ್ಲಿಯೂ ಕಾಣುವುದಿಲ್ಲ! ಕೆಂಪು, ಹಸಿರು, ನೀಲಿ ಪಟ್ಟಿಗಳು ಒತ್ತೊತ್ತಾಗಿ ನಿಂತಿರುತ್ತವೆ. ದೂರದಿಂದ ಮೂರೂ ಬೆರೆತು ಕಣ್ಣಿಗೆ ಬಿಳಿಯಾಗುತ್ತವೆ.

ದ್ರವಸ್ಫಟಿಕ ನಮಗೆ ಸಿಕ್ಕ ಬಗೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಅದು ಶುರುವಾದದ್ದು ಗಜ್ಜರಿಯಿಂದ. 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೀಡ್ರಿಕ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಗಜ್ಜರಿಯಿಂದ ತೆಗೆದ ಕೊಲೆಸ್ಟರಾಲ್ ಮೇಲೆ ಕೆಲಸ ಮಾಡುತ್ತಿದ್ದರು. ಅದರಿಂದ ತಯಾರಿಸಿದ ಒಂದು ವಸ್ತುವನ್ನು ಕಾಯಿಸಿದಾಗ 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬುಮಬ್ಬಾದ ದ್ರವವಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಮಬ್ಬು ಹರಿದು ದ್ರವ ತಿಳಿಯಾಯಿತು. ಒಂದೇ ವಸ್ತು ಎರಡು ಸಲ ಕರಗಿದ ಹಾಗೆ! ಇದು ತನ್ನೊಬ್ಬನಿಂದ ಬಿಡಿಸುವ ಒಗಟಲ್ಲ ಎಂದು ಅವರು ಒಟ್ಟೋ ಲೇಮನ್ ಎಂಬ ಜರ್ಮನ್ ಭೌತವಿಜ್ಞಾನಿಗೆ ಪತ್ರ ಬರೆದರು. ವಸ್ತುವನ್ನು ಕಾಯಿಸುತ್ತಲೇ ನೋಡಬಲ್ಲ, ಪೋಲರೈಸರ್ ಜೋಡಿಸಿದ ಸೂಕ್ಷ್ಮದರ್ಶಕ ಲೇಮನ್ ಬಳಿ ಇತ್ತು. ಆ ಮಬ್ಬು ದ್ರವ ಹರಿಯುವುದು ದ್ರವದಂತೆ, ಬೆಳಕಿನ ಜೊತೆ ನಡೆದುಕೊಳ್ಳುವುದು ಸ್ಫಟಿಕದಂತೆ ಎಂದು ಅವರಿಗೆ ತಿಳಿಯಿತು. ಇದರಿಂದ ಏನು ಉಪಯೋಗ ಎಂದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್‌ಮಯರ್ ಮತ್ತು ಜೊತೆಗಾರರು ದ್ರವಸ್ಫಟಿಕದ ಪರದೆಯನ್ನು ಲೋಕಕ್ಕೆ ತೋರಿಸಿದ್ದು 1968ರಲ್ಲಿ. ಎಂಬತ್ತು ವರ್ಷ ಕಾಯಬೇಕಾಯಿತು ನೋಡಿ.

ಈ ಕಥೆಗೆ ನಮ್ಮ ಬೆಂಗಳೂರಿನ ಪಾಲೂ ಇದೆ, ಅದು ಸಣ್ಣದಲ್ಲ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. (ನಕ್ಷತ್ರಗಳನ್ನು ಅಭ್ಯಸಿಸಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ಇಬ್ಬರೂ ರಾಮನ್ ಕುಟುಂಬದವರೇ ಆದ್ದರಿಂದ ದೊಡ್ಡವರಿಗೂ ಗೊಂದಲವಾಗುತ್ತದೆ.) ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಂದಲೇ ದ್ರವಸ್ಫಟಿಕ ಆಗುತ್ತದೆಂದು ಎಲ್ಲರೂ ನಂಬಿದ್ದರು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ಬಿಲ್ಲೆಯಾಕಾರದ ಅಣುಗಳಿಂದಲೂ ಆಗುತ್ತದೆ ಎಂದು ತೋರಿಸಿದರು. ಹಳೆಯ ಲ್ಯಾಪ್‌ಟಾಪುಗಳನ್ನು ಓರೆಯಿಂದ ನೋಡಿದರೆ ಬಣ್ಣ ಕೆಡುತ್ತಿತ್ತು. ಅದನ್ನು ಸರಿಮಾಡಲು ಪರದೆಗಳಿಗೆ ಅಂಟಿಸಿದ ಹಾಳೆಗಳಲ್ಲಿ ಇಂಥ ಬಿಲ್ಲೆ ಅಣುಗಳೇ ಇದ್ದವು. ಅದೇ ರಾಮನ್ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ, ರಾಮನ್ ಅವರ ಇನ್ನೊಬ್ಬ ಸೋದರಳಿಯ 1950ರ ದಶಕದಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನ ಮೇಲೆ ಮಾಡಿದ ಕೆಲಸವನ್ನು ಇಂದಿಗೂ ಜಗತ್ತಿನ ವಿಜ್ಞಾನಿಗಳು ನೆನೆಯುತ್ತಾರೆ. ಮೇಖ್ರಿ ಸರ್ಕಲ್ ಕಡೆ ಹೋದಾಗ ಆ ಸಂಸ್ಥೆಯ ಮರಗಳತ್ತ ಒಮ್ಮೆ ನೋಡಿ.

ಇನ್ನು ಗಾಜಿನ ವಿಷಯ. ಎರಡು ಗಾಜುಗಳ ನಡುವಿನ ದ್ರವಸ್ಫಟಿಕದ ಪದರ ಎಷ್ಟು ದಪ್ಪ ಗೊತ್ತೇ? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರೋ ನಾಲ್ಕೋ ಪಾಲು. ನಿಮ್ಮ ತಲೆಗೂದಲು ಅದಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ದಪ್ಪ. ಒಂದು ಮಾಮೂಲಿ ಲ್ಯಾಪ್‌ಟಾಪ್ ಪರದೆಯಲ್ಲಿರುವ ದ್ರವವನ್ನೆಲ್ಲ ಒಟ್ಟುಗೂಡಿಸಿದರೆ ನಾಲ್ಕೈದು ಹನಿಯೂ ಆದೀತೋ ಇಲ್ಲವೋ. ಈ ದಪ್ಪ ಪರದೆಯ ಉದ್ದಗಲಕ್ಕೂ ಒಂದೇ ಸಮ ಇರಬೇಕು. ಎಲ್ಲಾದರೂ ಕಡಿಮೆಯಾದರೆ ಬೆಳಕು ತಿರುಗುವ ಲೆಕ್ಕ ತಪ್ಪುತ್ತದೆ. ಪರದೆಯನ್ನು ಬೆರಳಿಂದ ಒತ್ತಿದಾಗ ಬಣ್ಣದ ಅಲೆ ಎದ್ದು ಕಾಣುವುದು ಇದರಿಂದಲೇ. ಅಲ್ಲಿ ಗಾಜು ಬಗ್ಗಿದೆ, ಅಣುಗಳ ಸಾಲು ಕದಡಿದೆ. ನೋಡಲು ಚೆಂದ ಅಂತ ದಯವಿಟ್ಟು ಒತ್ತಬೇಡಿ.

ಗಾಜು ಒಂದೊಂದೂ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಕೆಲವದರಲ್ಲಿ ಇನ್ನೂ ತೆಳು. ಲ್ಯಾಪ್‌ಟಾಪ್ ಹಗುರ ಇರಬೇಕು, ತೆಳ್ಳಗಿರಬೇಕು ಎಂದು ನಾವೇ ಬಯಸುತ್ತೇವಲ್ಲ. ಮೊಬೈಲಿನ ಮೇಲೆ ಕಾಪಾಡಲೆಂದೇ ಇನ್ನೊಂದು ಗಟ್ಟಿ ಗಾಜು ಇರುತ್ತದೆ. ಅದನ್ನು ಸುಮಾರು 400 ಡಿಗ್ರಿಯಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿ ಗಟ್ಟಿ ಮಾಡಿರುತ್ತಾರೆ. ಗಾಜಿನಲ್ಲಿದ್ದ ಸೋಡಿಯಂ ಹೊರಬಂದು, ಆ ಜಾಗಕ್ಕೆ ಗಾತ್ರದಲ್ಲಿ ದೊಡ್ಡದಾದ ಪೊಟ್ಯಾಸಿಯಂ ತೂರಿಕೊಂಡು, ಗಾಜಿನ ಮೈಯೆಲ್ಲ ಬಿಗಿಯಾಗುತ್ತದೆ. ಟಚ್ ಸ್ಕ್ರೀನ್ ಇಲ್ಲದ ಬಹುಪಾಲು ಲ್ಯಾಪ್‌ಟಾಪುಗಳಿಗೆ ಆ ಕಾವಲು ಗಾಜಿಲ್ಲ. ನಿಮ್ಮ ಬೆರಳಿಗೂ ಆ ತೆಳು ಗಾಜಿಗೂ ನಡುವೆ ಇರುವುದು ಮುಂದಿನ ಪೋಲರೈಸರ್ ಹಾಳೆ ಮಾತ್ರ.

ಗಾಜು ಅಷ್ಟು ಗಡುಸು, ಆದರೂ ಯಾಕೆ ಥಟ್ಟನೆ ಒಡೆಯುತ್ತದೆ? ಈ ಪ್ರಶ್ನೆ ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ವಿಮಾನಗಳ ಕೆಲಸ ಮಾಡುತ್ತಿದ್ದ ಎ.ಎ. ಗ್ರಿಫಿತ್ ಎಂಬ ಎಂಜಿನಿಯರ್ ತಲೆ ಹೊಕ್ಕಿತು. ಅಣುಗಳು ಒಂದನ್ನೊಂದು ಹಿಡಿದಿರುವ ಬಲವನ್ನು ಲೆಕ್ಕ ಹಾಕಿದರೆ ಗಾಜು ಭಾರಿ ಗಟ್ಟಿಯಾಗಿರಬೇಕು. ನಿಜವಾಗಿ ಎಳೆದು ನೋಡಿದರೆ ಅದರ ನೂರರಲ್ಲಿ ಒಂದೆರಡು ಪಾಲು ಬಲಕ್ಕೇ ತುಂಡಾಗುತ್ತದೆ. ಗ್ರಿಫಿತ್ ಗಾಜನ್ನು ಕಾಯಿಸಿ ಸಣ್ಣ ಸಣ್ಣ ಎಳೆಗಳಾಗಿ ಎಳೆದರು. ಎಳೆ ತೆಳುವಾದಷ್ಟೂ ಗಟ್ಟಿಯಾಗುತ್ತಾ ಹೋಯಿತು! 1921ರಲ್ಲಿ ಅಚ್ಚಾದ ಅವರ ಪ್ರಬಂಧದಲ್ಲಿ ಉತ್ತರವಿದೆ. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಎಳೆತವೆಲ್ಲ ಆ ಗೀರಿನ ತುದಿಯಲ್ಲಿ ಒಟ್ಟುಗೂಡುತ್ತದೆ. ಬಟ್ಟೆ ಅಂಗಡಿಯಲ್ಲಿ ನೋಡಿರುತ್ತೀರಿ. ಬರಿಗೈಯಲ್ಲಿ ಜಗ್ಗಿದರೆ ಜಪ್ಪಯ್ಯ ಅನ್ನದ ಬಟ್ಟೆಗೆ ಅಂಚಿನಲ್ಲಿ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕಿ ಎಳೆದರೆ ಪರ್ರೆಂದು ನೇರ ಹರಿದುಬರುತ್ತದೆ. ಗಾಜಿನಲ್ಲಿ ಆ ಕಚ್ಚು ಮೊದಲೇ ಇದೆ. ತೆಳು ಎಳೆಯಲ್ಲಿ ದೊಡ್ಡ ಗೀರಿಗೆ ಜಾಗವಿಲ್ಲ, ಅದಕ್ಕೇ ಅದು ಗಟ್ಟಿ. ಪರದೆಯ ಗಾಜಿಗೆ ಉದ್ದನೆಯ ನಾಲ್ಕು ಅಂಚುಗಳಿವೆ. ಕತ್ತರಿಸಿದ ಅಂಚಿನಲ್ಲೇ ಗೀರುಗಳು ಹೆಚ್ಚು. ಮುಚ್ಚಳವನ್ನು ಒಂದೇ ಮೂಲೆ ಹಿಡಿದು ತಿರುಚಿದ ಹಾಗೆ ಎತ್ತಬಾರದು ಎನ್ನುವುದಕ್ಕೆ ಕಾರಣ ಅದೇ. ಎರಡು ಕೈಯಿಂದ ಇಲ್ಲವೇ ನಡುಭಾಗ ಹಿಡಿದು ಎತ್ತಿದರೆ ಗಾಜು ತಿರುಚಿಕೊಳ್ಳುವುದಿಲ್ಲ.

ಒತ್ತಿದರೆ ಗಾಜು ತಡೆದುಕೊಳ್ಳುತ್ತದೆ, ಎಳೆದರೆ ಸೋಲುತ್ತದೆ. ಪೆನ್ಸಿಲ್ ಮಾಡಿದ್ದು ಒತ್ತುವ ಕೆಲಸ ತಾನೇ ಅನ್ನುತ್ತೀರಾ? ಒತ್ತಿದಾಗ ಗಾಜು ಬಗ್ಗಿತು. ಬಗ್ಗಿದ ಹಾಳೆಯ ಒಂದು ಮೈ ಕುಗ್ಗಿದರೆ ಇನ್ನೊಂದು ಮೈ ಹಿಗ್ಗಲೇಬೇಕು. ಹಿಗ್ಗಿದ ಆ ಮೈಯ ಗೀರೊಂದು ಬಾಯಿ ಬಿಟ್ಟಿತು.

ಸಣ್ಣ ಪೆನ್ಸಿಲ್ಲಿಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ ನೋಡೋಣ. ಮುಚ್ಚಳದ ಕೀಲಿನಿಂದ ಅದರ ಮುಂತುದಿಗೆ 20 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಪೆನ್ಸಿಲ್ ಕೀಲಿನಿಂದ 5 ಸೆಂಟಿಮೀಟರ್ ದೂರದಲ್ಲಿದೆ. ಮುಂತುದಿಯಲ್ಲಿ ನೀವು ಒಂದು ಕಿಲೋ ತೂಕದಷ್ಟು ಒತ್ತಿದರೆ ಪೆನ್ಸಿಲ್ ಇರುವ ಜಾಗದಲ್ಲಿ ಅದು ನಾಲ್ಕು ಕಿಲೋ ಆಗುತ್ತದೆ. ಸನ್ನೆಯ ಪಾಠ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ. ಪೆನ್ಸಿಲ್ಲು ಪರದೆಗೆ ತಾಗುವ ಜಾಗ ನಾಲ್ಕು ಚದರ ಮಿಲಿಮೀಟರ್ ಇದ್ದರೆ, ಅಲ್ಲಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟು. ಅದೇ ನಾಲ್ಕು ಕಿಲೋ ಭಾರವನ್ನು ಪರದೆಯ ತುಂಬ ಸಮನಾಗಿ ಹರಡಿದ್ದರೆ ಗಾಜಿಗೆ ಏನೂ ಆಗುತ್ತಿರಲಿಲ್ಲ. ರಶ್ಶಾದ ಬಸ್ಸಿನಲ್ಲಿ ಬ್ಯಾಗಿನೊಳಗಿನ ಲ್ಯಾಪ್‌ಟಾಪಿಗೆ ಪುಸ್ತಕ ಒತ್ತಿಕೊಂಡಿದ್ದಕ್ಕಿಂತ ಚಾರ್ಜರಿನ ಮೂಲೆ ಒತ್ತಿಕೊಂಡಿದ್ದು ಅಪಾಯ.

ಪೆನ್ಸಿಲ್ಲೇ ಬೇಕೆಂದಿಲ್ಲ. ಇಯರ್‌ಫೋನಿನ ವೈರು ಸಾಕು, ಒಂದು ಸ್ಕ್ರೂ ಸಾಕು. 2020ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್ ಬಳಸುವವರಿಗೆ ಒಂದು ಎಚ್ಚರಿಕೆ ಕೊಟ್ಟಿತು: ಕ್ಯಾಮೆರಾದ ಮೇಲೆ ಅಂಟಿಸುವ ಪುಟ್ಟ ಮುಚ್ಚಳಿಕೆಯನ್ನು ಹಾಗೇ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಬೇಡಿ, ಪರದೆ ಒಡೆದೀತು. ಅಂಟಿಸಲೇಬೇಕಾದರೆ ಅದು 0.1 ಮಿಲಿಮೀಟರಿಗಿಂತ ದಪ್ಪ ಇರಬಾರದು. ಅಂದರೆ ಪ್ರಿಂಟರಿಗೆ ಹಾಕುವ ಒಂದು ಕಾಗದದಷ್ಟು. ಮುಚ್ಚಿದ ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿಗೂ ಪರದೆಗೂ ಎಷ್ಟು ಕಡಿಮೆ ಜಾಗ ಬಿಟ್ಟಿರುತ್ತಾರೆ ಎಂದು ಇದರಿಂದ ಊಹಿಸಿಕೊಳ್ಳಿ. ಮುಚ್ಚುವ ಮೊದಲು ಕೀಬೋರ್ಡಿನ ಮೇಲೆ ಒಮ್ಮೆ ಅಂಗೈ ಸವರುವುದು ನನಗೆ ಗೊತ್ತಿರುವ ಅತ್ಯಂತ ಅಗ್ಗದ ವಿಮೆ.

ಬಣ್ಣದ ಗೆರೆಗಳ ವಿಷಯ ಉಳಿಯಿತು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20,73,600. ಒಂದೊಂದರಲ್ಲೂ ಮೂರು ಬಣ್ಣದ ಪಟ್ಟಿ ಇರುವುದರಿಂದ ವಿದ್ಯುತ್ತು ಕೊಡಬೇಕಾದ ಜಾಗಗಳು 62,20,800. ಅಷ್ಟೊಂದು ಜಾಗಕ್ಕೆ ಒಂದೊಂದು ತಂತಿ ಎಳೆಯಲಾಗುವುದಿಲ್ಲ. ಹಾಗಾಗಿ ಗಾಜಿನ ಮೇಲೆಯೇ ಉದ್ದಕ್ಕೆ 5760 ಮತ್ತು ಅಡ್ಡಕ್ಕೆ 1080 ಅತಿ ಸಣ್ಣ ಲೋಹದ ಎಳೆಗಳನ್ನು ಮೂಡಿಸಿ, ಅವು ಹಾಯುವ ಒಂದೊಂದು ಕೂಡುಜಾಗದಲ್ಲೂ ಒಂದು ಪುಟಾಣಿ ಟ್ರಾನ್ಸಿಸ್ಟರ್ ಇಟ್ಟಿರುತ್ತಾರೆ. ಬಿರುಕು ಹಾದ ದಾರಿಯಲ್ಲಿದ್ದ ಎಳೆ ತುಂಡಾದರೆ ಅದರಾಚೆಯ ಸಾಲಿಗೆ ಸುದ್ದಿ ಮುಟ್ಟುವುದಿಲ್ಲ. ಇಡೀ ಸಾಲು ಒಂದೇ ಬಣ್ಣಕ್ಕೆ ನಿಂತುಬಿಡುತ್ತದೆ. ಗೆರೆ ಅಷ್ಟು ನೆಟ್ಟಗಿರುವುದು ಎಳೆ ನೆಟ್ಟಗಿರುವುದರಿಂದ.

ಒಡೆದ ಗಾಜನ್ನು ಅಂಟಿಸಿ ಸರಿಮಾಡಲು ಬರುವುದಿಲ್ಲ. ಕಾರ್ಖಾನೆಯಲ್ಲಿ ಹನಿ ಹನಿಯಾಗಿ ದ್ರವಸ್ಫಟಿಕ ಇಟ್ಟು, ಗಾಳಿ ತೆಗೆದ ಕೋಣೆಯಲ್ಲಿ ಎರಡು ಗಾಜು ಕೂಡಿಸಿ, ಸುತ್ತ ಮೊಹರು ಮಾಡಿರುತ್ತಾರೆ. ಆ ಮೊಹರು ಬಿಟ್ಟಮೇಲೆ ಮುಗಿಯಿತು, ಇಡೀ ಪರದೆಯನ್ನೇ, ಅಂದರೆ ಪ್ಯಾನೆಲ್ಲನ್ನೇ ಬದಲಿಸಬೇಕು. ಬಿರುಕಿನ ಮೇಲೆ ಬೆರಳಾಡಿಸಬೇಡಿ, ಗಾಜಿನ ಚೂರು ಚುಚ್ಚುತ್ತದೆ. ಏನಾದರೂ ಜಿನುಗಿ ಕೈಗೆ ತಾಗಿದ್ದರೆ ಸೋಪು ಹಾಕಿ ತೊಳೆಯಿರಿ. ನಿಮ್ಮ ಪ್ರಾಜೆಕ್ಟು, ಫೋಟೋಗಳು ಎಲ್ಲ ಕೆಳಗಿನ ಭಾಗದಲ್ಲಿ, ಕೀಬೋರ್ಡಿನ ಅಡಿಯ ಡಿಸ್ಕಿನಲ್ಲಿ ಸುಖವಾಗಿವೆ. ಎಚ್‌ಡಿಎಂಐ ಕೇಬಲ್ಲಿನಿಂದ ಮನೆಯ ಟಿವಿಗೆ ಜೋಡಿಸಿದರೆ ಅಂದೇ ಸಂಜೆ ಹೋಮ್‌ವರ್ಕ್ ಮುಂದುವರಿಸಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರಿಪೇರಿ ನೋಡಲು ಸಿಕ್ಕಿದರೆ ಬಿಡಬೇಡಿ. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ತೆಳು ಪಟ್ಟಿಯಿಂದ ಮೀಟಿ ಮೀಟಿ ಬಿಡಿಸುತ್ತಾರೆ. ಪ್ಯಾನೆಲ್ಲನ್ನು ಮುಂದಕ್ಕೆ ಒರಗಿಸಿ, ಹಿಂಬದಿಯ ಚೀಟಿಯಲ್ಲಿ ಅಚ್ಚಾದ ಮಾಡೆಲ್ ನಂಬರು ಓದುತ್ತಾರೆ. ಅದೇ ನಂಬರಿನದ್ದು ಅಥವಾ ಅದಕ್ಕೆ ಹೊಂದುವಂಥದ್ದೇ ಬೇಕು. ಉಗುರಿನಷ್ಟಗಲದ ಕನೆಕ್ಟರ್ ಬಿಡಿಸಿ, ಹೊಸದಕ್ಕೆ ಸಿಕ್ಕಿಸುತ್ತಾರೆ. ಚೌಕಟ್ಟು ಕೂರಿಸುವ ಮುಂಚೆಯೇ ಲ್ಯಾಪ್‌ಟಾಪ್ ಆನ್ ಮಾಡಿ, ಪರದೆ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ತೋರಿಸಲು ಕೇಳಿ. ಮಕ್ಕಳ ಕಣ್ಣು ದೊಡ್ಡವರ ಕಣ್ಣಿಗಿಂತ ಚುರುಕು. ಬಿಳಿಯ ನಡುವೆ ಒಂದೇ ಒಂದು ಚುಕ್ಕಿ ಕಪ್ಪಾಗಿಯೇ ಉಳಿದಿದ್ದರೆ ಆ ಚುಕ್ಕಿ ಕೆಟ್ಟಿದೆ ಎಂದರ್ಥ. ಕಂಡದ್ದನ್ನು ಅಲ್ಲೇ ಹೇಳಿ. ಚೌಕಟ್ಟು ಇನ್ನೂ ಕೂರಿಸಿಲ್ಲವಲ್ಲ, ಬೇರೆ ಪ್ಯಾನೆಲ್ ಹಾಕಿಸಿಕೊಳ್ಳುವುದು ಆಗ ಸುಲಭ.